ವಿಷ್ಣುತೀರ್ಥರ ಜಿರಳೆ ಸಂಸಾರ

"ಜಿರಳೆ ತಾನೇ? ನಾನಿದ್ದೀನಿ ಬಿಡು!"

ಎಪ್ಪತ್ತೊಂಬತ್ತನೇ ಇಸವಿಯ ಜುಲೈ ತಿಂಗಳ ಒಂದು ಸಂಜೆ, ಮದರಾಸಿನ ವೆಸ್ಟ್ ಮಾಂಬಲಂನ ತಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ನಿಂತು, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ವಿಷ್ಣುತೀರ್ಥರು ಹೀಗೆ ಘೋಷಿಸಿದಾಗ ಅವರ ಮಗಳು ಸುಗುಣಾಳಿಗೆ ಸಮಾಧಾನವಾಗಲಿಲ್ಲ. ಯಾಕೆಂದರೆ 'ನಾನಿದ್ದೀನಿ ಬಿಡು' ಎಂದು ಅವರು ಹಿಂದಿನ ಸಲ ಹೇಳಿದ್ದು ಬೀದಿಯ ಕೈಪಂಪಿನ ವಿಷಯದಲ್ಲಿ. ಅವರು ರಿಪೇರಿ ಮಾಡುವವರೆಗೆ ಆ ಪಂಪು ಕಿರ್ರೋ ಎಂದು ಸದ್ದು ಮಾಡುತ್ತಿತ್ತು. ಮಾಡಿದ ಮೇಲೆ ಸದ್ದೂ ಇಲ್ಲ, ನೀರೂ ಇಲ್ಲ!

ಸಂಗತಿ ಇಷ್ಟೇ. ಸುಗುಣಾ ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದುತ್ತಿದ್ದಳು. ಹಿಂದಿನ ಸೆಮಿಸ್ಟರಿನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಜಿರಳೆಯನ್ನು ಕೊಯ್ದು ಅದರ ನರಮಂಡಲವನ್ನು ಬಿಡಿಸಿ ತೋರಿಸಬೇಕಾಗಿತ್ತು. ಕೈ ನಡುಗಿ, ನರದ ಮಾತು ಹಾಗಿರಲಿ, ಜಿರಳೆಯೇ ಎರಡು ತುಂಡಾಗಿತ್ತು. ಫೇಲು! ನವರಾತ್ರಿ ರಜ ಮುಗಿದ ಕೂಡಲೇ ಮತ್ತೆ ಅದೇ ಪರೀಕ್ಷೆ. ಈ ಸಲವೂ ಹೋದರೆ ಒಂದು ವರ್ಷ ಹೋದಂತೆಯೇ. ಕೈ ಪಳಗಬೇಕಾದರೆ ದಿನಕ್ಕೊಂದಾದರೂ ಜಿರಳೆ ಬೇಕು. ಆದರೆ ಕಾಲೇಜಿಗೆ ಜಿರಳೆ ತಂದುಕೊಡುತ್ತಿದ್ದವನು ಆ ವರ್ಷ ನಾಪತ್ತೆ. ಲ್ಯಾಬಿನ ಡೆಮಾನ್‌ಸ್ಟ್ರೇಟರ್ ತಿರುಮಲ ಎಂಬವರು, "ಅಭ್ಯಾಸಕ್ಕೂ ಪರೀಕ್ಷೆಗೂ ನಿಮ್ಮ ನಿಮ್ಮ ಜಿರಳೆ ನೀವೇ ತನ್ನಿ" ಎಂದು ಕೈ ತೊಳೆದುಕೊಂಡಿದ್ದರು.

"ಕ್ಲಾಸಲ್ಲಿ ಎಲ್ಲಾರ ಮನೇಲೂ ಇದೆಯಪ್ಪಾ. ನಮ್ಮನೇಲಿ ಮಾತ್ರ ಒಂದೂ ಇಲ್ಲ. ಎಲ್ಲಾ ಅಮ್ಮನಿಂದ! ಟೂ ಮಚ್!" ಎಂದು ಸುಗುಣಾ ಮೂಗೊರೆಸಿಕೊಂಡಳು.

ಅಡುಗೆಮನೆಯಲ್ಲಿದ್ದ ಜಯಲಕ್ಷ್ಮಮ್ಮ ಇದನ್ನು ದೂರೆಂದು ತಿಳಿಯಲೇ ಇಲ್ಲ. ಬಿರುದೆಂದೇ ಸ್ವೀಕರಿಸಿದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಫಿನಾಯಿಲ್ ಹಾಕಿ ನೆಲ ಒರೆಸುವ ಮಹಾತಾಯಿ ಅವರು. ಅವರ ಪೊರಕೆಯ ಸದ್ದು ಕೇಳಿದರೆ ಮಾಂಬಲಂನ ಸೊಳ್ಳೆಗಳು ಕೂಡ ಪಕ್ಕದ ಮನೆಗೆ ಹೋಗುತ್ತಿದ್ದವು.

"ಹಿಡಿದು ತನ್ನಿ, ಬೇಡ ಅನ್ನಲ್ಲ," ಅವರು ಸೌಟು ಹಿಡಿದೇ ಹೊರಗೆ ಬಂದರು. "ಆದ್ರೆ ನೇರ ಕಾಲೇಜಿಗೆ ಹೋಗ್ಬೇಕು. ನನ್ನ ಹೊಸಲು ದಾಟಿ ಒಂದು ಜಿರಳೆ ಒಳಗೆ ಬಂತೋ, ಅದೇ ಹೊಸಲು ದಾಟಿ ನಾನು ಹೊರಗೆ ಹೋಗ್ತೀನಿ. ತಿಳೀತಾ?"

"ತಿಳೀತು," ಎಂದರು ವಿಷ್ಣುತೀರ್ಥರು. ಪಾರ್ಕ್ ಟೌನಿನ ಕಛೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿ ಇಪ್ಪತ್ತೈದು ವರ್ಷ ಸವೆಸಿದವರು ಅವರು. ಒಂದು ನಿಯಮವನ್ನು ತಲೆಯಾಡಿಸಿ ಒಪ್ಪಿಕೊಳ್ಳುವುದಕ್ಕೂ ಪಾಲಿಸುವುದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಅವರಿಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಹಾರ್ಲಿಕ್ಸ್ ಬಾಟಲಿ ಹಿಡಿದು ಬೇಟೆಗೆ ಹೊರಟರು. ಮೊದಲು ಮಹಡಿ ಮೇಲಿನ ಓನರ್ ಮಾಮಿಯ ಮನೆ.

"ಮಾಮಿ, ಉಂಗಾತ್ತುಲೆ ಕರಪ್ಪಾನ್ ಪೂಚ್ಚಿ ಇರ್ಕಾ?"

ನಿಮ್ಮ ಮನೆಯಲ್ಲಿ ಜಿರಳೆ ಇದೆಯೇ ಎಂದು ಯಾರಾದರೂ ಇಷ್ಟು ವಿನಯದಿಂದ ಕೇಳುವುದುಂಟೇ? ಮಾಮಿಯ ಮೂಗುಬೊಟ್ಟುಗಳೆರಡೂ ಕಿಡಿ ಕಾರಿದವು.

"ಎನ್ನ ಸಾರ್ ಇಪ್ಪಡಿ ಕೇಕ್ಕರೇಳ್! ನಮ್ಮಾತ್ತುಲಯಾ? ಒಣ್ಣು ಕೂಡ ಕೆಡಯಾದು!" ತಮ್ಮ ಮನೆಯಲ್ಲಿ ಒಂದೇ ಒಂದೂ ಇಲ್ಲವಂತೆ. ಮಾಮಿ ಹೀಗೆ ಆಣೆ ಇಡುತ್ತಿರುವಾಗಲೇ ಅವರ ಬೆನ್ನ ಹಿಂದಿನ ಕ್ಯಾಲೆಂಡರಿನ ಸಂದಿಯಿಂದ ದಪ್ಪನೆಯದೊಂದು ಹೊರಬಂದು, ಮೀಸೆ ಆಡಿಸಿ, ಮಾತು ಕೇಳಿಸಿಕೊಂಡು, ನಾಚಿಕೆಯಿಂದ ಮತ್ತೆ ಒಳಗೆ ಹೋಯಿತು. ವಿಷ್ಣುತೀರ್ಥರು ನೋಡಿದರು. ಮಾಮಿ ವಿಷ್ಣುತೀರ್ಥರು ನೋಡಿದ್ದನ್ನು ನೋಡಿದರು. ಬಾಗಿಲು ಮುಚ್ಚಿತು.

ಆ ಬೀದಿಯಲ್ಲಿ ಹನ್ನೊಂದು ಮನೆ ತಿರುಗಿದರು. ಹನ್ನೊಂದು ಮನೆಯಲ್ಲೂ ಇಲ್ಲ! ಇದ್ದ ಹಾಗೆ ಕಂಡರೂ ಇಲ್ಲ! ನಾಲ್ಕು ಮನೆಯವರು ಮಾತು ಬಿಟ್ಟರು. ಒಬ್ಬರು ಕಾರ್ಪೊರೇಷನ್ನಿಗೆ ದೂರು ಕೊಡುತ್ತೇನೆಂದರು. ಯಾವುದರ ಬಗ್ಗೆ ಎಂದು ಅವರಿಗೂ ಗೊತ್ತಿರಲಿಲ್ಲ.

ಕೊನೆಗೆ ಸ್ಟೇಷನ್ನಿನ ಹಿಂದುಗಡೆ ಕುಂದಾಪುರದ ಕಿಟ್ಟಣ್ಣನ ಹೋಟೆಲು ನೆನಪಾಯಿತು. ಸಂಜೆ ಅಲ್ಲಿಗೆ ಹೋಗಿ, ಗಲ್ಲಾದ ಹತ್ತಿರ ಬಾಗಿ, ಗುಟ್ಟಾಗಿ ಕೇಳಿದರು: "ಇಲ್ಲಿ ಜಿರಳೆ ಇದೆಯಾ?"

ಕಿಟ್ಟಣ್ಣನ ಮುಖ ಬಿಳಿಚಿಕೊಂಡಿತು. "ಜಿರಳೆಯಾ? ನಮ್ಮಲ್ಲಾ? ಎಂಥ ಮಾತು ಮಾರಾಯ್ರೆ! ಕೂತ್ಕೊಳ್ಳಿ ಕೂತ್ಕೊಳ್ಳಿ. ಒಂದು ಬಾದಾಮಿ ಹಲ್ವ ತಗೊಳ್ಳಿ ಸ್ವಾಮಿ."

"ಹಲ್ವ ಬೇಡ. ಜಿರಳೆ ಬೇಕು."

"ಹಲ್ವದಲ್ಲಿ ಇಲ್ಲ ಸ್ವಾಮಿ, ದೇವರಾಣೆ!"

"ನಾನು ಹೆಲ್ತ್ ಇನ್‌ಸ್ಪೆಕ್ಟರ್ ಅಲ್ಲ ಕಿಟ್ಟಣ್ಣ."

"ಅಲ್ಲ ಅಂತಲೇ ಅವರೂ ಹೇಳುವುದು," ಎಂದು ಕಿಟ್ಟಣ್ಣ ಬೆವರೊರೆಸಿಕೊಂಡ.

ಅರ್ಧ ಗಂಟೆಯ ನಂತರ, ಎರಡು ಹಲ್ವ, ಒಂದು ಮಸಾಲೆ ದೋಸೆ ಬಲವಂತವಾಗಿ ಹೊಟ್ಟೆ ಸೇರಿದ ಮೇಲೆ, ಸುಗುಣಾಳ ಜುವಾಲಜಿ ರೆಕಾರ್ಡಿನಲ್ಲಿ ಬಿಡಿಸಿದ್ದ ಜಿರಳೆಯ ಚಿತ್ರ ತೋರಿಸಿದಾಗ ಕಿಟ್ಟಣ್ಣನಿಗೆ ನಂಬಿಕೆ ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕೈ ಹಿಡಿದು ಹಿಂದಿನ ಸೌದೆ ಕೋಣೆಗೆ ಕರೆದೊಯ್ದು ಬಾಗಿಲು ತೆರೆದ. "ಎಷ್ಟು ಬೇಕು ಹೇಳಿ ಮಾರಾಯ್ರೆ! ದೊಡ್ಡದಾ, ಸಣ್ಣದಾ?"

ಮೂವತ್ತೆರಡು ದೊಡ್ಡ ಜಿರಳೆಗಳು ಹಾರ್ಲಿಕ್ಸ್ ಬಾಟಲಿಯಲ್ಲಿ ಕುಳಿತು, ವಿಷ್ಣುತೀರ್ಥರ ಜುಬ್ಬದ ಮರೆಯಲ್ಲಿ, ಜಯಲಕ್ಷ್ಮಮ್ಮನ ಹೊಸಲನ್ನು ಸದ್ದಿಲ್ಲದೆ ದಾಟಿದವು.

ಸಾಕುವುದಕ್ಕೆ ತಿರುಮಲ ಅವರು ಸುಗುಣಾಳಿಗೆ ವಿಧಾನ ಹೇಳಿಕೊಟ್ಟಿದ್ದರು. ದೊಡ್ಡ ತಗಡಿನ ಡಬ್ಬ. ಬಾಯಿಯ ಒಳಸುತ್ತಿಗೆ ನಾಲ್ಕು ಬೆರಳಗಲ ವ್ಯಾಸಲೀನ್. ಜಿರಳೆ ಜಾರಿ ಬೀಳುತ್ತದೆ, ಹತ್ತಿ ಬರಲಾರದು. ಮುಚ್ಚಳಕ್ಕೆ ಗಾಳಿಯಾಡಲು ಮೊಳೆಯಿಂದ ತೂತು. ಕುಡಿಯಲು ಒದ್ದೆ ಹತ್ತಿ. ಅಡಗಿ ಕೂರಲು ಕೋಳಿಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆ.

ಮೊಟ್ಟೆ ತಟ್ಟೆ! ಈರುಳ್ಳಿ ಕೂಡ ಏಕಾದಶಿ, ಚಾತುರ್ಮಾಸ್ಯ ನೋಡಿಕೊಂಡು ಒಳಗೆ ಬರುವ ಮಾಧ್ವರ ಮನೆಗೆ! ವಿಷ್ಣುತೀರ್ಥರು ರಾಯರ ಪಟಕ್ಕೆ ಕೈಮುಗಿದು, ಅದರ ಬದಲಿಗೆ ಮೂರು ವರ್ಷದ ಹಳೇ ಪಂಚಾಂಗಗಳನ್ನು ಬೀಸಣಿಗೆಯಂತೆ ಮಡಿಸಿ ಡಬ್ಬದೊಳಗೆ ನಿಲ್ಲಿಸಿದರು. ಹೀಗಾಗಿ ಆ ಜಿರಳೆಗಳು ರಾಹುಕಾಲ, ಗುಳಿಕಕಾಲಗಳ ನಡುವೆ ಸಂಸಾರ ಹೂಡಿದವು. ಡಬ್ಬದ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದರು: 'ಆಫೀಸಿನ ಮುಖ್ಯ ಕಾಗದಪತ್ರ. ಯಾರೂ ಮುಟ್ಟಬಾರದು.' ಬಚ್ಚಲುಮನೆಯ ಮೇಲಿನ ಅಟ್ಟದ ಮೂಲೆಗೆ ಏರಿಸಿದರು.

ಸುಗುಣಾ ದಿನಕ್ಕೊಂದು, ಎರಡು ದಿನಕ್ಕೊಂದು ಜಿರಳೆಯನ್ನು ಪೆನ್ಸಿಲ್ ಬಾಕ್ಸಿನಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದಳು. ಕಡಿಮೆಯಾದಾಗ ವಿಷ್ಣುತೀರ್ಥರು ಕಿಟ್ಟಣ್ಣನ ಸೌದೆ ಕೋಣೆಗೆ ಹೋಗಿ ತುಂಬಿಸಿಕೊಂಡು ಬಂದರು. ಮಗಳ ಕೈ ಪಳಗಿತು. ಅಪ್ಪನ ಮನಸ್ಸೂ ಪಳಗಿತು. ದಿನ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ಸ್ಟೂಲು ಹತ್ತಿ, ಮುಚ್ಚಳ ತೆಗೆದು, "ಏನ್ರಪ್ಪಾ, ಚೆನ್ನಾಗಿದೀರಾ?" ಎಂದು ವಿಚಾರಿಸಿ, ಗ್ಲುಕೋಸ್ ಬಿಸ್ಕತ್ತು ಪುಡಿ ಮಾಡಿ ಉದುರಿಸುತ್ತಿದ್ದರು. ಅವು ಮೀಸೆ ಎತ್ತಿ ನಮಸ್ಕಾರ ಮಾಡುತ್ತವೆಂದು ಅವರಿಗೆ ನಂಬಿಕೆ. ಕಛೇರಿಯಲ್ಲಿ ಇವರನ್ನು ನೋಡಿ ಎದ್ದು ನಿಲ್ಲುವವರೇ ಇರಲಿಲ್ಲ!

ಆಗಸ್ಟ್ ಕೊನೆಯ ವಾರ ಒಂದು ಬೆಳಿಗ್ಗೆ ಮುಚ್ಚಳ ತೆಗೆದವರು ಸ್ಟೂಲಿನಿಂದ ಬೀಳುವುದರಲ್ಲಿದ್ದರು. ಪಂಚಾಂಗದ ತುಂಬ ಎಳ್ಳು ಚೆಲ್ಲಿದಂತಿತ್ತು. ಎಳ್ಳು ಓಡಾಡುತ್ತಿತ್ತು!

"ಸುಗುಣಾ! ಏನೇ ಇದು?"

ಸುಗುಣಾ ಇಣುಕಿ ನೋಡಿದಳು. "ಮರಿ ಅಪ್ಪಾ. ಅಲ್ಲಿ ಹುರುಳಿಕಾಳಿನ ಥರ ಕಂದು ಪೆಟ್ಟಿಗೆ ಬಿದ್ದಿತ್ತಲ್ಲ, ಅದೆಲ್ಲಾ ಮೊಟ್ಟೆ. ಒಂದೊಂದ್ರಲ್ಲೂ ಹದಿನಾರು."

"ಪೆಟ್ಟಿಗೆ ಎಷ್ಟಿತ್ತು?"

"ಇಪ್ಪತ್ತು ಇರಬಹುದು."

ವಿಷ್ಣುತೀರ್ಥರು ಕಣ್ಣು ಮುಚ್ಚಿ ಗುಣಾಕಾರ ಮಾಡಿದರು. ಮುನ್ನೂರಿಪ್ಪತ್ತು! ಮೊಟ್ಟೆಯ ತಟ್ಟೆ ಬೇಡವೆಂದ ಮನೆಯಲ್ಲಿ ಮೊಟ್ಟೆಗಳದೇ ರಾಜ್ಯ! ಅವತ್ತೇ ಅಷ್ಟನ್ನೂ ಕಿಟ್ಟಣ್ಣನಿಗೆ ಒಪ್ಪಿಸಿ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕೈಯಾರೆ ಬಿಸ್ಕತ್ತು ಹಾಕಿ ಬೆಳೆಸಿದ ವಂಶ! "ಪರೀಕ್ಷೆ ಮುಗಿಯಲಿ, ನೋಡೋಣ" ಎಂದು ಮುಚ್ಚಳ ಹಾಕಿದರು.

ನವರಾತ್ರಿ ಬಂತು. ಜಯಲಕ್ಷ್ಮಮ್ಮನಿಗೆ ಆ ವರ್ಷದ ನವರಾತ್ರಿ ಸಾಮಾನ್ಯದ್ದಲ್ಲ. ಮಾಂಬಲಂನ ಕನ್ನಡ ಹೆಂಗಸರ ಭಜನಾ ಮಂಡಳಿ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಮನೆಯಲ್ಲಿ ಸೇರುವುದಿತ್ತು. ಮಂಡಳಿಯ ಅಧ್ಯಕ್ಷೆ ಕಲಾವತಿಬಾಯಿ ಬಲು ಶಿಸ್ತಿನವರು. ಯಾರ ಮನೆಗೆ ಹೋದರೂ ಕುರ್ಚಿಯ ಕೆಳಗೆ ಬೆರಳಾಡಿಸಿ ಧೂಳು ನೋಡುವ ಪೈಕಿ. ಜಯಲಕ್ಷ್ಮಮ್ಮ ಮಂಡಳಿಯಲ್ಲಿ ಎದ್ದು ನಿಂತು, "ನಮ್ಮನೇಲಿ ಒಂದೇ ಒಂದು ಹುಳ ತೋರಿಸಿಬಿಡಿ, ನನ್ನ ಹೆಸರು ಬದಲಾಯಿಸ್ಕೋತೀನಿ!" ಎಂದು ಸವಾಲು ಹಾಕಿ ಬಂದಿದ್ದರು. ಇದನ್ನು ಕೇಳಿದ ದಿನ ವಿಷ್ಣುತೀರ್ಥರು ಎರಡನೆಯ ಸಲ ಅನ್ನ ಬಡಿಸಿಕೊಳ್ಳಲಿಲ್ಲ.

ಹಬ್ಬದ ಏಳನೆಯ ದಿನ ಅವರು ಕಛೇರಿಯಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ಮಾಂಬಲಂಗೆ ಬಂದಿಳಿದು ಮನೆ ಮುಟ್ಟುವಾಗ ಸಂಜೆ ಆರೂವರೆ. ಬಾಗಿಲಲ್ಲಿ ಇಪ್ಪತ್ತೈದು ಮೂವತ್ತು ಜೊತೆ ಚಪ್ಪಲಿ. ಒಳಗೆ ದೇವರನಾಮ. ಮಲ್ಲಿಗೆ, ಊದುಬತ್ತಿ, ಕಡಲೆ ಉಸಲಿಯ ಪರಿಮಳ. ವಿಷ್ಣುತೀರ್ಥರ ಎದೆ ಉಬ್ಬಿತು. ಬಾಗಿಲ ಮರೆಯಲ್ಲಿ ನಿಂತು ಗೊಂಬೆಗಳನ್ನು ನೋಡಿದರು. ಬೆಳಿಗ್ಗೆ ಅವರು ಕಛೇರಿಗೆ ಹೊರಡುವಾಗ ಐದೇ ಮೆಟ್ಟಿಲಿತ್ತು. ಮಂಡಳಿಯವರು ಬರುತ್ತಾರೆಂದು ಮಧ್ಯಾಹ್ನ ಏಳಾಗಿತ್ತು! ಬಿಳಿ ಪಂಚೆ ಹೊದೆಸಿದ ಏಳು ಮೆಟ್ಟಿಲಿನ ಮೇಲೆ ಪಟ್ಟದ ಗೊಂಬೆ, ದಶಾವತಾರ, ಅಂಗಡಿ ಹಾಕಿಕೊಂಡು ಕೂತ ಚೆಟ್ಟಿಯಾರ್ ದಂಪತಿ, ಎಲ್ಲ ಜಗಜಗಿಸುತ್ತಿದ್ದವು.

ಮದರಾಸಿನಲ್ಲಿ ಗೊಂಬೆ ಮೆಟ್ಟಿಲನ್ನು ಯಾರೂ ಬಡಗಿಯಿಂದ ಮಾಡಿಸುವುದಿಲ್ಲ. ಮನೆಯಲ್ಲಿರುವ ಟ್ರಂಕು, ಹಲಗೆ, ಎಣ್ಣೆ ಡಬ್ಬಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ಪಂಚೆ ಹೊದೆಸಿದರೆ ಮುಗಿಯಿತು. ಮೆಟ್ಟಿಲು ಐದರಿಂದ ಏಳಾಯಿತೆಂದರೆ ಎರಡು ಡಬ್ಬ ಹೆಚ್ಚಿಗೆ ಬೇಕಾಗಿರುತ್ತದೆ.

ಈ ಸರಳ ವಿಚಾರ ವಿಷ್ಣುತೀರ್ಥರ ತಲೆಗೆ ಬಂದದ್ದು, ಮೂರನೆಯ ಮೆಟ್ಟಿಲಿನ ಮೂಲೆಯಲ್ಲಿ ಪಂಚೆ ಸ್ವಲ್ಪ ಸರಿದು, ಕೆಂಪು ಶಾಯಿಯ ಅಕ್ಷರಗಳು ತಲೆಕೆಳಗಾಗಿ ಕಂಡಾಗ. 'ಯಾರೂ ಮುಟ್ಟಬಾರದು.'

ತಲೆಕೆಳಗು! ಅಂದರೆ ಡಬ್ಬ ಬೋರಲು. ಮುಚ್ಚಳ ಕೆಳಗೆ. ವ್ಯಾಸಲೀನ್ ಇದ್ದೂ ಇಲ್ಲದಂತೆ. ಮೊಳೆಯ ತೂತುಗಳಲ್ಲಿ ದೊಡ್ಡವು ನುಗ್ಗಲಾರವು. ಆದರೆ ಎಳ್ಳು?

"ಶ್‌... ಶ್‌... ಲೇ ಇವಳೇ!"

ಜಯಲಕ್ಷ್ಮಮ್ಮ ಹಾಡಿನ ನಡುವೆ ಎದ್ದು ಬಂದರು. ಹೊಸ ಕಾಂಚೀಪುರಂ ಸೀರೆ, ಮುಖದಲ್ಲಿ ಹೆಮ್ಮೆ. "ಕಾಫಿ ಆಮೇಲೆ. ಹೊರಗಡೆ ಕೂತಿರಿ."

"ಕಾಫಿ ಅಲ್ಲ. ಆ ಡಬ್ಬ... ಅಟ್ಟದ ಮೇಲಿಂದು..."

"ನಿಮ್ಮ ಆಫೀಸಿನ ಕಾಗದದ ಡಬ್ಬ ತಾನೇ? ಏನೂ ಆಗಲ್ಲ. ಇಳಿಸೋವಾಗ ಒಳಗೆ ಸರಸರ ಅಂತಿತ್ತು. ನಿಮ್ಮ ಆಫೀಸಿನ ಕಾಗದ ಇಪ್ಪತ್ತೈದು ವರ್ಷದಲ್ಲಿ ಇವತ್ತಾದ್ರೂ ಮುಂದಕ್ಕೆ ಸರೀತಿದೆಯಲ್ಲಾ ಅಂತ ಸಂತೋಷಪಟ್ಟೆ!"

"ಅದು ಕಾಗದ ಅಲ್ಲ ಕಣೇ!"

"ಮತ್ತೇನು?"

ಅವರು ಬಾಯಿ ತೆರೆಯುವಷ್ಟರಲ್ಲಿ ಕಲಾವತಿಬಾಯಿ ಎದ್ದು ನಿಂತರು. ಮಂಡಳಿಯ ಪರವಾಗಿ ತಂದಿದ್ದ ಐದು ಸೇರು ತೂಕದ ಮಣ್ಣಿನ ಗಣಪತಿಯನ್ನು ಎರಡೂ ಕೈಯಲ್ಲಿ ಎತ್ತಿ, "ಇಂಥ ಶುಭ್ರವಾದ ಮನೆ ಮಾಂಬಲಂನಲ್ಲಿ ಇನ್ನೊಂದಿಲ್ಲ" ಎನ್ನುತ್ತಾ ಸರಿಯಾಗಿ ಮೂರನೆಯ ಮೆಟ್ಟಿಲಿನ ಮೂಲೆಯಲ್ಲಿಟ್ಟರು. ಡಬ್ಬ ವಾಲಿತು. 'ಠಣ್' ಎಂದು ಒಳಗೆಲ್ಲೋ ಮುಚ್ಚಳ ಕಳಚಿದ ಸದ್ದು.

ಅದೇ ಗಳಿಗೆಗೆ ಕರೆಂಟ್ ಹೋಯಿತು.

ಎರಡೇ ಎಣ್ಣೆ ದೀಪದ ಬೆಳಕು. ಹೆಂಗಸರು "ಪರವಾಗಿಲ್ಲ, ಹಾಡು ನಿಲ್ಲಿಸ್ಬೇಡಿ" ಎಂದು ಮತ್ತೆ ಶುರು ಮಾಡಿದರು. ಕತ್ತಲಲ್ಲಿ ವಿಷ್ಣುತೀರ್ಥರಿಗೆ ಹಾಡಿಗಿಂತ ಹಾಡಿನ ಕೆಳಗಿನ ಸದ್ದು ಕೇಳಿಸುತ್ತಿತ್ತು. ಸರಸರ. ಸರಸರ. ಯಾರೋ ಹುಡುಗಿ, "ಅಮ್ಮಾ, ಬೊಮ್ಮೈ ನಗರುದು!" ಎಂದಳು. ಗೊಂಬೆ ಅಲುಗಾಡುತ್ತಿದೆಯಂತೆ. "ದೇವಿ ಒಲಿದಿದಾಳೆ" ಎಂದು ಮುದುಕಿಯೊಬ್ಬರು ಕೈ ಮುಗಿದರು.

ಕರೆಂಟ್ ಬಂತು.

ಬಿಳಿ ಪಂಚೆ ಕಂದು ಬಣ್ಣಕ್ಕೆ ತಿರುಗಿತ್ತು! ಚೆಟ್ಟಿಯಾರ್ ದಂಪತಿಯ ಅಂಗಡಿಯಲ್ಲಿ ವ್ಯಾಪಾರ ಜೋರಾಗಿತ್ತು. ಪಟ್ಟದ ರಾಣಿಯ ಕಿರೀಟದ ಮೇಲೆ ಇನ್ನೊಂದು ಕಿರೀಟ. ದಶಾವತಾರದ ಸಾಲಿನ ತುದಿಯಲ್ಲಿ ಹನ್ನೊಂದನೆಯ ಅವತಾರವೊಂದು ನಿಂತು ಮೀಸೆ ಆಡಿಸುತ್ತಿತ್ತು. ಅದು ಒಮ್ಮೆ ಸಭೆಯನ್ನೆಲ್ಲ ನೋಡಿತು. ರೆಕ್ಕೆ ಬಿಚ್ಚಿತು. ಹಾರಿ ಬಂದು ಕಲಾವತಿಬಾಯಿಯ ಮಲ್ಲಿಗೆ ದಂಡೆಯ ಮೇಲೆ ಕೂತಿತು.

ಆ ಚೀತ್ಕಾರ ಕೋಡಂಬಾಕಂ ಸ್ಟೇಷನ್ನಿನವರೆಗೆ ಕೇಳಿಸಿತೆಂದು ಆಮೇಲೆ ಹೇಳಿದವರುಂಟು. ಮೂವತ್ತು ಹೆಂಗಸರು, ಒಂದು ಬಾಗಿಲು! ಹಾರ್ಮೋನಿಯಂ ಮೇಲೆ ಯಾರೋ ಕಾಲಿಟ್ಟರು. ಅದು ಮೂರೂ ಸ್ಥಾಯಿಯಲ್ಲಿ ಅತ್ತಿತು. ಉಸಲಿ ನೆಲದ ಪಾಲಾಯಿತು. ಯಾರ ಚಪ್ಪಲಿ ಯಾರ ಕಾಲಿಗೋ! ಬಾಗಿಲ ಹತ್ತಿರ ಕಲಾವತಿಬಾಯಿ ತಲೆ ಕೊಡವಿಕೊಳ್ಳುತ್ತಾ ಪಕ್ಕದವರಿಗೆ ಹೇಳಿದ್ದು ಮಾತ್ರ ಎಲ್ಲರಿಗೂ ಕೇಳಿಸಿತು: "ಮೇಲೆ ಮೇಲೆ ಥಳುಕು ಅಷ್ಟೇ ಕಣ್ರೀ. ಒಳಗೆ ನೋಡಿದ್ರಲ್ಲ!"

ಜಯಲಕ್ಷ್ಮಮ್ಮ ಅಲುಗಲಿಲ್ಲ, ಕಿರುಚಲೂ ಇಲ್ಲ. ಮನೆ ಖಾಲಿಯಾದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೊರಕೆ ತೆಗೆದುಕೊಂಡು, ಒಂದು ಗಂಟೆ ಯುದ್ಧ ಮಾಡಿದರು. ಕೊನೆಗೆ ಡಬ್ಬ ನೆಟ್ಟಗೆ ನಿಲ್ಲಿಸಿ ಒಳಗೆ ಇಣುಕಿದರು. ಪಂಚಾಂಗ. ಒದ್ದೆ ಹತ್ತಿ. ಬಿಸ್ಕತ್ತಿನ ಪುಡಿ.

"ಇದು..." ಅವರು ಬಿಸ್ಕತ್ತಿನ ಪುಡಿಯನ್ನು ಬೆರಳಲ್ಲಿ ಎತ್ತಿ ನೋಡಿದರು. "ಇದು ಸಾಕಿದ್ದಾ?"

ಸುಗುಣಾ ಅಳತೊಡಗಿದಳು. ವಿಷ್ಣುತೀರ್ಥರು ಗೋಡೆ ನೋಡುತ್ತಾ, "ಪ್ರಾಣಿಶಾಸ್ತ್ರಕ್ಕೆ..." ಎಂದರು.

"ಪ್ರಾಣಿಶಾಸ್ತ್ರ ಅಲ್ಲರೀ ಇದು. ನನ್ನ ಪ್ರಾಣಕ್ಕೆ ಮಾಡಿದ ಶಾಸ್ತಿ!" ಜಯಲಕ್ಷ್ಮಮ್ಮ ಗೊಂಬೆಗಳ ಮುಂದೆ ಕುಸಿದು ಕೂತರು. "ಇಪ್ಪತ್ತೆರಡು ವರ್ಷ ಆಯ್ತು ಮದುವೆಯಾಗಿ. ಒಂದು ದಿನ ನನ್ನ ಮುಖ ನೋಡಿ 'ಊಟ ಆಯ್ತಾ' ಅಂತ ಕೇಳಿದೋರಲ್ಲ. ಜಿರಳೆಗೆ ಗ್ಲುಕೋಸ್ ಬಿಸ್ಕತ್ತು! ಅದೂ ಕೈಯಾರೆ ಪುಡಿ ಮಾಡಿ!"

ಬೈದಿದ್ದರೆ ವಿಷ್ಣುತೀರ್ಥರು ತಡೆದುಕೊಳ್ಳುತ್ತಿದ್ದರು. ಹೆಂಡತಿಯ ಹೊಸ ಸೀರೆಯ ಅಂಚಿನಲ್ಲಿ ಉಸಲಿ ಮೆತ್ತಿಕೊಂಡಿತ್ತು. ಅದನ್ನು ಅವರು ಒರೆಸಿಕೊಳ್ಳುತ್ತಲೂ ಇರಲಿಲ್ಲ. ಹದಿನಾಲ್ಕು ವರ್ಷ ಕಾದ ಸಂಜೆ ಹತ್ತು ನಿಮಿಷದಲ್ಲಿ ಮುಗಿದಿತ್ತು.

ಮಾರನೆಯ ದಿನ ಭಜನೆ ಕಲಾವತಿಬಾಯಿಯ ಮನೆಯಲ್ಲಿ. ಜಯಲಕ್ಷ್ಮಮ್ಮ ಹೋಗಲಿಲ್ಲ. ವಿಷ್ಣುತೀರ್ಥರು ಹೋದರು! ಮೂವತ್ತು ಹೆಂಗಸರ ನಡುವೆ ಒಬ್ಬನೇ ಗಂಡಸು, ಟೋಪಿ ಕೈಯಲ್ಲಿ ಹಿಡಿದು ನಿಂತಾಗ ಹಾಡು ತಾನಾಗಿ ನಿಂತಿತು.

"ತಾಯಂದಿರೇ," ಎಂದರು. "ನಿನ್ನೆ ನೀವು ನೋಡಿದ ಜಿರಳೆಗಳು ನಮ್ಮನೆಗೆ ತಾವಾಗಿ ಬಂದವಲ್ಲ. ನಾನು ತಂದು, ನಾನು ಉಣಿಸಿ, ಹೆಂಡತಿಗೆ ಗೊತ್ತಾಗದ ಹಾಗೆ ನಾನೇ ಸಾಕಿದ್ದು. ಮಗಳ ಪರೀಕ್ಷೆಗೆ. ಜಯಲಕ್ಷ್ಮಿ ಇರೋ ಮನೆಗೆ ಇವತ್ತಿನವರೆಗೆ ಒಂದು ಜಿರಳೆಯೂ ತಾನಾಗಿ ಕಾಲಿಟ್ಟಿಲ್ಲ. ತಪ್ಪೆಲ್ಲಾ ನಂದು. ಅವಳನ್ನ ಏನೂ ಅನ್ನಬೇಡಿ."

ಕಲಾವತಿಬಾಯಿ ಕನ್ನಡಕ ಸರಿಮಾಡಿಕೊಂಡರು. ಅವರ ಕಣ್ಣು ಒಮ್ಮೆ ತಮ್ಮದೇ ಅಡುಗೆಮನೆಯ ಕಡೆ ಹೋಗಿ ಬಂತು.

"ಹಾಗಾದ್ರೆ... ಇವತ್ತು ಬೆಳಿಗ್ಗೆ ನಮ್ಮ ಸಿಂಕಿನ ಹತ್ರ ಕಂಡದ್ದೂ ನಿಮ್ಮವೇ!"

"ನಮ್ಮ ಬೀರೂನಲ್ಲಿ ಇದ್ದದ್ದೂ!" ಇನ್ನೊಬ್ಬರು ಕೂಗಿದರು.

"ನಮ್ಮ ಅಕ್ಕಿ ಡಬ್ಬದ ಹಿಂದೆ ಮೂರು! ನಿನ್ನೆ ಸೆರಗಿನಲ್ಲಿ ಬಂದಿರ್ಬೇಕು!"

ಮೂಲೆಯಿಂದ ಊರ್ಮಿಳಾ ಎಂಬಾಕೆ, "ತಾಂಬರಂನಲ್ಲಿ ನಮ್ಮನೇಲೂ ಇದೆ!" ಎಂದರು.

"ನೀವು ನಿನ್ನೆ ಬಂದೇ ಇರಲಿಲ್ವಲ್ಲ ತಾಯಿ?"

"ನಮ್ಮ ನಾದಿನಿ ಬಂದಿದ್ರು. ಎಲೆಕ್ಟ್ರಿಕ್ ಟ್ರೈನ್ ಇದೆಯಲ್ಲ, ಬರೋಕೆ ಎಷ್ಟು ಹೊತ್ತು?"

ವಿಷ್ಣುತೀರ್ಥರು ಎಲ್ಲದಕ್ಕೂ ತಲೆಬಾಗಿದರು. ಅವರಿಗೆ ಇನ್ನೊಂದು ಚಿಂತೆಯಿತ್ತು. ದೊಡ್ಡ ಜಿರಳೆಗಳೆಲ್ಲ ಹೆಂಡತಿಯ ಪೊರಕೆಗೆ ಬಲಿಯಾಗಿದ್ದವು. ಪರೀಕ್ಷೆಗೆ ನಾಲ್ಕೇ ದಿನ. ಕಿಟ್ಟಣ್ಣ ಹಬ್ಬಕ್ಕೆ ಹೋಟೆಲು ಮುಚ್ಚಿ ಊರಿಗೆ ಹೋಗಿದ್ದ. "ನಮ್ಮವೇ ಇರಬಹುದು," ಎಂದು ಕೈ ಮುಗಿದರು. "ಕೊಲ್ಲಬೇಡಿ. ದಯವಿಟ್ಟು ಹಿಡಿದು ವಾಪಸ್ ಕೊಟ್ಟುಬಿಡಿ."

ಮಾರನೆಯ ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದ ಜಯಲಕ್ಷ್ಮಮ್ಮ ದಂಗಾದರು. ಗೇಟಿನವರೆಗೆ ಸಾಲು! ಉಪ್ಪಿನಕಾಯಿ ಬಾಟಲಿ, ಪೌಡರ್ ಡಬ್ಬ, ಬೆಂಕಿಪೊಟ್ಟಣ, ಒಂದೊಂದರಲ್ಲೂ ಮೀಸೆ. ಎಲ್ಲಕ್ಕಿಂತ ಮುಂದೆ ಓನರ್ ಮಾಮಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಹನ್ನೆರಡು ಜಿರಳೆ ತುಂಬಿದ ಬಾಟಲಿ ಚಾಚಿ ನಿಂತಿದ್ದರು.

"ಇಂದಾಂಗೋ, ಉಂಗಾತ್ತು ಕರಪ್ಪಾನ್. ಎಡುತ್ತುಕ್ಕೋಂಗೋ!" ನಿಮ್ಮ ಮನೆಯವು, ತಗೊಳ್ಳಿ ಎಂದು ದಾನ ಕೊಡುವ ಗತ್ತಿನಲ್ಲಿ ಹೇಳಿದರು.

ಜಯಲಕ್ಷ್ಮಮ್ಮ ಒಂದು ನಿಮಿಷ ಬಾಟಲಿಯನ್ನು ನೋಡಿದರು. ಆಮೇಲೆ ಸಾಲನ್ನು ನೋಡಿದರು. ಬೆನ್ನು ನೆಟ್ಟಗಾಯಿತು. ಒಂದೊಂದೇ ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ಎತ್ತಿ, "ಇದು ಯಾರ ಮನೇದು? ಓಹೋ! ಎಷ್ಟಿದೆ? ಒಂಬತ್ತಾ? ಅಯ್ಯೋ ಪಾಪ!" ಎಂದು ಬೀದಿಗೆಲ್ಲ ಕೇಳುವಂತೆ ಸ್ವೀಕರಿಸಿದರು. ಕಲಾವತಿಬಾಯಿ ಆಳಿನ ಕೈಯಲ್ಲಿ ಕಳಿಸಿದ್ದ ಡಬ್ಬದಲ್ಲಿ ಹದಿನೇಳು. ಅದನ್ನು ಎರಡು ಸಲ ಎಣಿಸಿದರು.

ಸಾಲು ಕರಗಿದ ಮೇಲೆ ಒಳಗೆ ಬಂದು ಗಂಡನ ಮುಂದೆ ನಿಂತರು.

"ನಿಮ್ಮ ಡಬ್ಬದಲ್ಲಿ ದೊಡ್ಡವು ಎಷ್ಟಿತ್ತು ಅಂದ್ರಿ?"

"ಇಪ್ಪತ್ತೊಂದು."

"ನಾನು ಹೊಡೆದದ್ದು ಇಪ್ಪತ್ತೊಂದು. ಇವತ್ತು ಬಂದದ್ದು ಎಂಬತ್ತಾರು." ಎರಡು ದಿನದ ಮೇಲೆ ಮೊದಲ ಸಲ ಅವರ ತುಟಿಯ ತುದಿ ಮೇಲಕ್ಕೆ ಹೋಯಿತು. "ಊಟ ಆಯ್ತಾ ಅಂತ ಕೇಳಿ ಈಗ."

"ಬೆಳಿಗ್ಗೆ ಏಳೂವರೆ ಕಣೇ..."

"ಕೇಳಿ ಅಂದೆ!"

ಕೇಳಿದರು.

ಎಂಬತ್ತಾರು ಜಿರಳೆಗಳು ಹೊಸಲು ದಾಟದೆ, ಹೊರಜಗುಲಿಯಲ್ಲೇ ಮೂರು ದಿನ ಕಾವಲಿನಲ್ಲಿದ್ದು, ನೇರ ಕಾಲೇಜಿಗೆ ಹೋದವು. ಇಡೀ ತರಗತಿಗೆ ಸಾಕಾಗಿ ಮಿಕ್ಕವು. ಪರೀಕ್ಷೆ ಮುಗಿಸಿ ಸಂಜೆ ಬಂದ ಸುಗುಣಾಳ ಮುಖ ಅರಳಿತ್ತು.

"ಅಪ್ಪಾ! ಒಂದು ನರ ಕೂಡ ಹರೀಲಿಲ್ಲ! ಎಕ್ಸಾಮಿನರ್ 'ಸೂಪರ್' ಅಂದ್ರು. ತಿರುಮಲ ಸಾರ್ ನಿಮಗೆ ಥ್ಯಾಂಕ್ಸ್ ಹೇಳಿದಾರೆ."

ವಿಷ್ಣುತೀರ್ಥರು ಮೀಸೆಯ ಮೇಲೆ ಕೈ ಹಾಕಿದರು. ಐದು ದಿನದಿಂದ ಬಾಗಿದ್ದ ಕತ್ತು ನಿಧಾನವಾಗಿ ಮೇಲಕ್ಕೆದ್ದಿತು. "ನಾನು ಅವತ್ತೇ ಹೇಳಲಿಲ್ವೇ? ನಾನಿ..."

"ನೆಕ್ಸ್ಟ್ ಸೆಮಿಸ್ಟರ್ ಪ್ರಾಕ್ಟಿಕಲ್‌ಗೂ ಮನೇಲೇ ಅಭ್ಯಾಸ ಮಾಡ್ಬೇಕಂತಪ್ಪಾ," ಸುಗುಣಾ ಚೀಲ ಕೆಳಗಿಟ್ಟಳು. "ಈ ಸಲ ಪ್ರಾನ್."

"ಹಾಗಂದ್ರೆ?" ಜಯಲಕ್ಷ್ಮಮ್ಮ ಕೇಳಿದರು.

"ಸಿಗಡಿ ಅಮ್ಮಾ. ಸಿಗಡಿ ಮೀನು. ರಾಯಪುರಂ ಕಡಲ ಹತ್ರ ಬೆಳಿಗ್ಗೆ ಹೋದ್ರೆ ಫ್ರೆಶ್ಶಾಗಿ ಸಿಗುತ್ತಂತೆ. ಮನೇಲಿ ಐಸ್ ಹಾಕಿ ಇಟ್ಕೋಬೇಕು, ಅಷ್ಟೇ."

ವಿಷ್ಣುತೀರ್ಥರ ಕೈ ಮೀಸೆಯಿಂದ ಕೆಳಗಿಳಿಯಿತು. ಕ್ಷೀಣ ದನಿ ಹೊರಟಿತು.

"ಮಗೂ... ನೀನು ಗಣಿತಕ್ಕೆ ಬದಲಾಯಿಸ್ಕೊಂಡು ಬಿಡಮ್ಮಾ. ಅದರಲ್ಲಿ ಬರೀ ಅಂಕಿ. ಏನನ್ನೂ ಸಾಕೋ ಹಾಗಿಲ್ಲ, ಕೊಯ್ಯೋ ಹಾಗಿಲ್ಲ."

"ಗಣಿತ ಮಾತ್ರ ಬೇಡ!" ಜಯಲಕ್ಷ್ಮಮ್ಮ ಹೌಹಾರಿ ಎದ್ದು ನಿಂತರು. "ಮಗಳಿಗೆ ಎಣಿಸೋದಕ್ಕೆ ಅಂತ ಇವರು ಏನೇನು ತಂದು ತುಂಬಿಸ್ತಾರೋ!"